ಏರಿಯ ಮಣ್ಣು, ಮನೆಯ ಪಾಯ

ಕಳೆದ ಸಂಕ್ರಾಂತಿಯ ಮರುವಾರ ನನ್ನ ತಂಗಿಯ ಮಗ ದೂರವಾಣಿ ಮಾಡಿ, "ಮಾವ, ರಾಮನಗರದ ಹತ್ತಿರ ಮೂವತ್ತು ನಲವತ್ತರ ಒಂದು ಸೈಟು ನೋಡಿ ಮುಂಗಡ ಕೊಟ್ಟಿದ್ದೇನೆ. ಯಾರೋ ಮಣ್ಣು ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ಎರಡು ಅಂತಸ್ತಿನ ಮನೆಗೆ ಅದೆಲ್ಲ ಬೇಕೆ?" ಎಂದು ಕೇಳಿದ. ಆ ಜಾಗದಲ್ಲಿ ಮೊದಲು ಏನಿತ್ತು ಎಂದು ನಾನು ಕೇಳಿದೆ. "ಏನೂ ಇರಲಿಲ್ಲ, ಖಾಲಿ ಜಾಗ" ಎಂದ.

ನಮ್ಮ ಸೀಮೆಯಲ್ಲಿ ಏನೂ ಇಲ್ಲದ ಜಾಗವೆಂಬುದು ಇರಲಿಲ್ಲ. ಅದು ಗೋಮಾಳವಾಗಿತ್ತು, ಗದ್ದೆಯಾಗಿತ್ತು, ತೋಪಾಗಿತ್ತು, ಇಲ್ಲವೇ ಕೆರೆಯ ಅಂಗಳವಾಗಿತ್ತು. ಅವನ ಪ್ರಶ್ನೆಗೆ ಒಂದು ವಾಕ್ಯದಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ಆ ಉತ್ತರದ ಹಿಂದೆ ಒಂದು ದೊಡ್ಡ ಚರಿತ್ರೆಯಿದೆ. ತರಗತಿಯಲ್ಲಿ ರಾಜರ ಯುದ್ಧಗಳನ್ನು ಹೇಳಿಕೊಡುತ್ತಿದ್ದ ಕಾಲದಲ್ಲಿ ನಾನು ಅದಕ್ಕೆ ಸಾಕಷ್ಟು ಸಮಯ ಕೊಡಲಿಲ್ಲ. ಈಗ ನಿವೃತ್ತನಾದ ಮೇಲೆ ಬರೆಯುತ್ತಿದ್ದೇನೆ.

ಮಾಗಡಿ ಸೀಮೆಯ ನಮ್ಮೂರಿಗೆ ಒಂದು ಕೆರೆಯಿತ್ತು. ಅದನ್ನು ನೋಡಿಕೊಳ್ಳಲು ಒಬ್ಬ ನೀರುಗಂಟಿ ಇದ್ದರು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ನೀರೆಂದು ಬಿಡುವುದು ಅವರ ಕೆಲಸವೆಂದು ಎಲ್ಲರಿಗೂ ಗೊತ್ತಿತ್ತು. ಮಳೆಗಾಲದ ರಾತ್ರಿಗಳಲ್ಲಿ ಅವರು ಮಾಡುತ್ತಿದ್ದ ಇನ್ನೊಂದು ಕೆಲಸ ಅಷ್ಟಾಗಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಾನು ಏಳೆಂಟು ವರ್ಷದವನಿದ್ದಾಗ, ಅಂದರೆ 1970ರ ಆಸುಪಾಸಿನಲ್ಲಿ, ಒಂದು ರಾತ್ರಿ ಸುರಿವ ಮಳೆಯಲ್ಲಿ ನನ್ನ ತಂದೆ ಲಾಟೀನು ಹಿಡಿದು ಏರಿಯ ಕಡೆ ಹೊರಟಾಗ ಹಟ ಮಾಡಿ ನಾನೂ ಹೋಗಿದ್ದೆ. ನೀರುಗಂಟಿ ತಾತ ಏರಿಯ ಮೇಲೆ ಇರಲಿಲ್ಲ. ಏರಿಯ ಹಿಂಬದಿಯಲ್ಲಿ, ಬುಡದ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತು, ಒಸರುತ್ತಿದ್ದ ನೀರನ್ನು ಹಿತ್ತಾಳೆಯ ಲೋಟದಲ್ಲಿ ಹಿಡಿದು ಲಾಟೀನಿನ ಬೆಳಕಿಗೆ ಒಡ್ಡಿ ನೋಡುತ್ತಿದ್ದರು. ಏರಿಯಿಂದ ನೀರು ಸೋರುತ್ತಿದೆಯಲ್ಲ ಎಂದು ನಾನು ಹೆದರಿದೆ. ತಾತ ನಕ್ಕು, "ಸೋರ್ದೆ ಇರೋ ಏರಿ ಎಲ್ಲೈತೆ ಮಗ? ತಿಳಿನೀರು ಬಂದ್ರೆ ಮನಿಕ್ಕೊ, ಕದಡು ನೀರು ಬಂದ್ರೆ ಊರ್ನೇ ಎಬ್ಬಿಸು" ಎಂದರು.

ಆ ಮಾತಿನ ಅರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅದನ್ನು ಹೇಳುವ ಮೊದಲು ನಮ್ಮ ನೆಲದ ಪರಿಚಯ ಮಾಡಿಕೊಳ್ಳಬೇಕು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಒಂದು ಜಿಲ್ಲೆಯಾದವು. ಆ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಹೆಸರು ಬದಲಾಗುವುದು ನಮ್ಮ ಊರಿಗೆ ಹೊಸದಲ್ಲ. ಟಿಪ್ಪುವಿನ ಕಾಲದ ಶಂಸೇರಾಬಾದ್, ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಗಿ, ಆಮೇಲೆ ರಾಮನಗರವಾಯಿತು. ಊರು ಆ ಹೆಸರನ್ನು ಬಿಟ್ಟರೂ ಭೂವಿಜ್ಞಾನಿಗಳು ಬಿಡಲಿಲ್ಲ. ಇಲ್ಲಿನ ಬಂಡೆಯನ್ನು ಜಗತ್ತಿನ ಭೂವಿಜ್ಞಾನದ ಪುಸ್ತಕಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಹೆಪ್ಪುಗಟ್ಟಿದ ಈ ಶಿಲೆ ದಕ್ಷಿಣದಿಂದ ಉತ್ತರಕ್ಕೆ ನೂರಾರು ಕಿಲೋಮೀಟರು ಹಬ್ಬಿದೆ. ಸಾವನದುರ್ಗ, ರಾಮದೇವರ ಬೆಟ್ಟಗಳು ಅದರ ತಲೆಗಳು. ವಿಧಾನಸೌಧಕ್ಕೂ ಮಾಗಡಿಯ ಕಲ್ಲು ಹೋಗಿದೆ.

ಇಂಥ ಕಲ್ಲಿನ ನಾಡಿನಲ್ಲಿ ಪಾಯದ ಚಿಂತೆಯೇಕೆ ಎಂದು ನಿಮಗನ್ನಿಸಬಹುದು. ಚಿಂತೆ ಇರುವುದು ಎರಡು ಬಂಡೆಗಳ ನಡುವಿನ ತಗ್ಗಿನಲ್ಲಿ. ಕಲ್ಲು ಸಾವಿರಾರು ವರ್ಷ ಬಿಸಿಲು ಮಳೆಗೆ ಸಿಕ್ಕಿ ಗರಸಾಗುತ್ತದೆ, ಗರಸು ಕೆಮ್ಮಣ್ಣಾಗುತ್ತದೆ. ಅದರ ನಯವಾದ ಭಾಗ ಮಳೆಯಲ್ಲಿ ತೊಳೆದು ಹೋಗಿ ತಗ್ಗಿನಲ್ಲಿ ಜೇಡಿಯಾಗಿ, ಗೋಡಾಗಿ ಕೂರುತ್ತದೆ. ಆ ತಗ್ಗುಗಳಿಗೆ ಅಡ್ಡಲಾಗಿ ನಮ್ಮ ಹಿರಿಯರು ಏರಿ ಹಾಕಿದರು. ಹೀಗಾಗಿ ನಮ್ಮಲ್ಲಿ ಸುತ್ತಿಗೆ ಪುಟಿಯುವ ನೆಲಕ್ಕೂ ಕಾಲು ಹೂತುಹೋಗುವ ನೆಲಕ್ಕೂ ನಡುವಿನ ಅಂತರ ಅನೇಕ ಕಡೆ ಒಂದು ಮಾರು ಮಾತ್ರ.

ಏರಿಯೇ ನಮ್ಮ ನಾಡಿನ ಅತಿ ಹಳೆಯ ಮಣ್ಣಿನ ಇಂಜಿನಿಯರಿಂಗ್. ಅದರ ಬಗ್ಗೆ ಬರೆದಿಟ್ಟ ದಾಖಲೆಗಳಲ್ಲಿ ಬಹಳ ಬೆಲೆಯುಳ್ಳದ್ದು ಆಂಧ್ರದ ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿದೆ. 1369ರಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಅಲ್ಲಿ ಕೆರೆ ಕಟ್ಟಿಸಿ ಶಾಸನ ಹಾಕಿಸಿದ. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು ಬೇಕೆಂದು ಆ ಶಾಸನ ಹೇಳುತ್ತದೆ. ಧರ್ಮಿಷ್ಠನಾದ ದೊರೆ, ನೀರಿನ ಶಾಸ್ತ್ರ ಬಲ್ಲ ಪಂಡಿತ, ಗಟ್ಟಿ ಜೇಡಿಯ ನೆಲ, ಎರಡು ಬದಿಗೂ ತಾಗುವ ಬೆಟ್ಟ, ಅವುಗಳ ನಡುವೆ ಬಹಳ ಉದ್ದವಲ್ಲದ ಭದ್ರವಾದ ಕಟ್ಟೆ, ಹತ್ತಿರದಲ್ಲೇ ಕಲ್ಲುಗಣಿ, ಕೆಲಸ ಬಲ್ಲ ಜನ ಇತ್ಯಾದಿ. ಬಳಿಕ ಆರು ದೋಷಗಳನ್ನು ಎಣಿಸುತ್ತದೆ. ಕಟ್ಟೆಯಿಂದ ನೀರು ಒಸರುವುದು, ಸವಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ಆಮೆಯ ಬೆನ್ನಿನಂತೆ ಉಬ್ಬಿದ ನೆಲ, ನೀರು ಕಡಮೆಯಾಗಿ ಭೂಮಿ ಹೆಚ್ಚಾಗಿರುವುದು, ಭೂಮಿ ಕಡಮೆಯಾಗಿ ನೀರು ಹೆಚ್ಚಾಗಿರುವುದು. ಸಾವಿರ ಆಳುಗಳು, ನೂರು ಗಾಡಿಗಳು, ಎರಡು ವರ್ಷ ಎಂದು ಲೆಕ್ಕವೂ ಅದರಲ್ಲಿದೆ. ಇಂದಿನ ಅಣೆಕಟ್ಟಿನ ಯೋಜನಾ ವರದಿಯಲ್ಲಿ ಇರಬೇಕಾದ ಮುಖ್ಯ ಅಧ್ಯಾಯಗಳೆಲ್ಲ ಆ ಕಲ್ಲಿನ ಮೇಲಿವೆ. ಒಸರುವ ನೀರನ್ನು ಮೊದಲ ದೋಷವೆಂದು ಎಣಿಸಿದ್ದನ್ನು ಗಮನಿಸಿ.

ಹಿಂದಿನವರು ಕಟ್ಟಿದ್ದೆಲ್ಲ ನಿಂತಿತು ಎಂದು ಇದರರ್ಥವಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ದೊಡ್ಡ ಕೆರೆಯಲ್ಲಿ 15-20 ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಆ ಕಟ್ಟೆ ಎರಡು ಮೂರು ಸಲ ಒಡೆಯಿತೆಂದೂ, ಅದಕ್ಕಾಗಿ ನರಬಲಿ ನಡೆಯಿತೆಂದೂ ಅವನೇ ದಾಖಲಿಸಿದ್ದಾನೆ. ಕೆರೆ ಏಕೆ ಒಡೆಯಿತು ಎಂಬ ಪ್ರಶ್ನೆಗೆ ಮಣ್ಣಿನಲ್ಲಿ ಉತ್ತರ ಸಿಗದಾಗ ಮನುಷ್ಯರು ಅದನ್ನು ಎಲ್ಲೆಲ್ಲಿಯೋ ಹುಡುಕಿದರು. ಕಾರಣ ತಿಳಿಯದ ಅಜ್ಞಾನಕ್ಕೆ ಜೀವಗಳ ಬೆಲೆ ತೆತ್ತ ಕಥೆಯಿದು. ಆದರೂ ಪ್ರಯತ್ನ ನಿಲ್ಲಲಿಲ್ಲ. 1866ರ ಹೊತ್ತಿಗೆ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆನ್ನುವಷ್ಟು ಕೆರೆಗಳಿವೆ ಎಂಬ ಅರ್ಥದಲ್ಲಿ ಬೆರಗಾಗಿ ಬರೆದ.

ಈ ಏರಿಗಳನ್ನು ಕಟ್ಟಿದ ಬಗೆಯೂ ತಿಳಿಯಬೇಕಾದದ್ದು. ಮಣ್ಣನ್ನು ಒಮ್ಮೆಗೇ ರಾಶಿ ಹಾಕುತ್ತಿರಲಿಲ್ಲ. ಪದರ ಪದರವಾಗಿ ಹರವಿ, ನೀರು ಚಿಮುಕಿಸಿ, ಜನರೂ ದನಗಳೂ ತುಳಿದು ಗಟ್ಟಿ ಮಾಡುತ್ತಿದ್ದರು. ನೀರು ಎಷ್ಟು ಎಂಬುದೇ ಅಲ್ಲಿನ ಗುಟ್ಟು. ಮುದ್ದೆ ಮಾಡುವ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರು ಕಡಮೆಯಾದರೆ ಹಿಟ್ಟು ಗಂಟಾಗಿ ಉಳಿಯುತ್ತದೆ, ಹೆಚ್ಚಾದರೆ ಅಂಬಲಿಯಾಗುತ್ತದೆ, ಹದವಾದರೆ ಮಾತ್ರ ಕೈಗೆ ಅಂಟದ ಮುದ್ದೆ. ಅಮೆರಿಕದ ಲಾಸ್ ಏಂಜಲೀಸ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಪ್ರಾಕ್ಟರ್ ಎಂಬ ಇಂಜಿನಿಯರು 1933ರಲ್ಲಿ ಈ ಹದವನ್ನು ಅಳೆಯುವ ಪರೀಕ್ಷೆಯನ್ನು ಪ್ರಕಟಿಸಿದ. ಪ್ರತಿ ಮಣ್ಣಿಗೂ ಅದು ಅತಿ ಗಟ್ಟಿಯಾಗಿ ಕೂರುವ ತೇವಾಂಶ ಒಂದಿದೆ ಎಂದು ತೋರಿಸಿದ. ಇಂದು ಯಾವ ಹೆದ್ದಾರಿಯ ಒಡ್ಡು ಹಾಕುವಾಗಲೂ ಮೊದಲು ಮಾಡುವುದು ಅವನ ಹೆಸರಿನ ಪರೀಕ್ಷೆಯನ್ನೇ. ನಮ್ಮವರ ಕಾಲಿಗೆ ಗೊತ್ತಿದ್ದುದಕ್ಕೆ ಅವನು ಅಂಕಿಯನ್ನು ಕೊಟ್ಟ.

ಮಣ್ಣಿನ ಶಾಸ್ತ್ರ ನಿಜವಾಗಿ ಶಾಸ್ತ್ರವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಸ್ವೀಡನ್ ದೇಶದಲ್ಲಿ ರೈಲು ಹಳಿಗಳ ಒಡ್ಡುಗಳು ಕುಸಿಯುತ್ತಿದ್ದವು. 1916ರಲ್ಲಿ ಗೋಥೆನ್‌ಬರ್ಗ್ ಬಂದರಿನ ಒಂದು ಕಟ್ಟೆಯೇ ಜಾರಿ ನೀರಿಗೆ ಬಿತ್ತು. ಅಲ್ಲಿನವರು ಕುಸಿದ ಜಾಗಗಳನ್ನು ಅಳೆದು ನೋಡಿದಾಗ, ಮಣ್ಣು ಬಾಣಲೆಯ ತಳದಂತೆ ಒಂದು ಕಮಾನಿನ ಗೆರೆಯಲ್ಲಿ ಜಾರುತ್ತದೆಂದು ಕಂಡುಕೊಂಡರು. ಆ ಕಮಾನಿನ ಮೇಲಿನ ಮಣ್ಣನ್ನು ಹೋಳುಗಳಾಗಿ ಕಲ್ಪಿಸಿ, ಕೆಳಗೆ ಎಳೆಯುವ ಭಾರವೆಷ್ಟು, ತಡೆದು ಹಿಡಿಯುವ ಬಲವೆಷ್ಟು ಎಂದು ಲೆಕ್ಕ ಹಾಕುವ ಕ್ರಮವನ್ನು ಫೆಲೆನಿಯಸ್ ಎಂಬಾತ ಬೆಳೆಸಿದ. ಹಿಡಿಯುವ ಬಲ ಎಳೆಯುವ ಭಾರಕ್ಕಿಂತ ಸಾಕಷ್ಟು ಹೆಚ್ಚಿದ್ದರೆ ಇಳಿಜಾರು ನಿಲ್ಲುತ್ತದೆ. ಈ ಎರಡರ ಅನುಪಾತವೇ ಸುರಕ್ಷತಾ ಅಂಶ.

ಅದೇ ಕಾಲದಲ್ಲಿ ಕಾರ್ಲ್ ಟರ್ಝಾಗಿ (1883-1963) ಇಸ್ತಾಂಬುಲಿನಲ್ಲಿ ಪಾಠ ಹೇಳುತ್ತಿದ್ದರು. ಹಣವಿಲ್ಲದ್ದರಿಂದ ಸಿಗಾರ್ ಪೆಟ್ಟಿಗೆ, ಗುಜರಿ ಸಾಮಾನುಗಳಿಂದಲೇ ಉಪಕರಣಗಳನ್ನು ಮಾಡಿಕೊಂಡು ಜೇಡಿಮಣ್ಣನ್ನು ಒತ್ತಿ ನೋಡಿದರು. ಪ್ರಯೋಗಾಲಯವಿಲ್ಲವೆಂದು ಗೊಣಗುತ್ತಿದ್ದ ಹಳ್ಳಿಯ ಶಾಲೆಗಳ ವಿಜ್ಞಾನ ಶಿಕ್ಷಕರಿಗೆ ನಾನು ಈ ಕಥೆಯನ್ನು ಹೇಳುವುದುಂಟು. 1925ರಲ್ಲಿ ಪ್ರಕಟವಾದ ಅವರ ಗ್ರಂಥದಿಂದ ಮಣ್ಣಿನ ಯಂತ್ರಶಾಸ್ತ್ರ ಹುಟ್ಟಿತು. ಅವರು ಕಂಡದ್ದು ಸರಳವಾದದ್ದು. ಕೆಸರು ಗದ್ದೆಯಲ್ಲಿ ಕಾಲಿಟ್ಟರೆ ಪಾದದ ಸುತ್ತ ನೀರು ಒಸರುತ್ತದೆ, ಪಾದ ಮೆಲ್ಲನೆ ಇಳಿಯುತ್ತದೆ. ಮಣ್ಣಿನ ಕಣಗಳ ನಡುವಿನ ನೀರು ಮೊದಲು ಭಾರವನ್ನು ಹೊರುತ್ತದೆ. ಆ ನೀರು ಹಿಂಡಿ ಹೊರಹೋದಂತೆ ಭಾರ ಕಣಗಳ ಮೇಲೆ ಬೀಳುತ್ತದೆ, ಅವು ಹತ್ತಿರ ಸರಿಯುತ್ತವೆ, ನೆಲ ಕುಗ್ಗುತ್ತದೆ. ಮರಳಿನಲ್ಲಿ ನೀರು ಬೇಗ ಹೋಗುವುದರಿಂದ ಮನೆ ಕಟ್ಟುತ್ತಿರುವಾಗಲೇ ಕುಸಿತ ಮುಗಿಯುತ್ತದೆ. ಜೇಡಿಯಲ್ಲಿ ವರ್ಷಗಳೇ ಬೇಕು. ಜೇಡಿಯ ಪದರ ಎರಡರಷ್ಟು ದಪ್ಪವಿದ್ದರೆ ತಗಲುವ ಕಾಲ ನಾಲ್ಕರಷ್ಟು. ಗೃಹಪ್ರವೇಶದ ದಿನ ನೆಟ್ಟಗಿದ್ದ ಮನೆ ಐದನೆಯ ವರ್ಷ ಬಿರುಕು ಬಿಡುವುದು ಇದರಿಂದಲೇ.

ಪೀಸಾದ ವಾಲುಗೋಪುರವನ್ನು ನೀವು ಚಿತ್ರದಲ್ಲಿ ನೋಡಿದ್ದೀರಿ. 1173ರಲ್ಲಿ ಅದನ್ನು ಕಟ್ಟತೊಡಗಿದರು, ಕೆಲವೇ ವರ್ಷಗಳಲ್ಲಿ ಕೆಲಸ ನಿಂತಿತು, ಸುಮಾರು ನೂರು ವರ್ಷ ಹಾಗೆಯೇ ಬಿತ್ತು. ಆ ನೂರು ವರ್ಷದಲ್ಲಿ ಕೆಳಗಿನ ಮೆತ್ತನೆಯ ಜೇಡಿ ಹಿಂಡಿಕೊಂಡು ಗಟ್ಟಿಯಾಯಿತು. ಒಂದೇ ಉಸಿರಿಗೆ ಕಟ್ಟಿ ಮುಗಿಸಿದ್ದರೆ ಅದು ಅಂದೇ ಉರುಳುತ್ತಿತ್ತೆಂದು ತಜ್ಞರು ಲೆಕ್ಕ ಹಾಕಿದ್ದಾರೆ. 1990ರಲ್ಲಿ ಗೋಪುರವನ್ನು ಮುಚ್ಚಿ, ವಾಲದ ಬದಿಯ ತಳದಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದು ಅರ್ಧ ಡಿಗ್ರಿಯಷ್ಟು ಹಿಂದಕ್ಕೆ ತಂದು, 2001ರಲ್ಲಿ ಮತ್ತೆ ತೆರೆದರು. ಹಳೆಯ ಸರೋವರದ ಅಂಗಳದ ಮೇಲೆ ಬೆಳೆದ ಮೆಕ್ಸಿಕೊ ನಗರವೂ ಇಂಥದೇ. ಕೆಳಗಿನ ನೀರನ್ನು ಪಂಪು ಹಾಕಿ ಎತ್ತಿದಂತೆ ಆ ನಗರ ಕೆಲವೆಡೆ 7 ಮೀಟರಿಗೂ ಹೆಚ್ಚು ಕುಸಿದಿದೆ.

ಇಷ್ಟು ದೂರ ಹೋಗದೆ ನಾನೇ ಕಂಡದ್ದನ್ನು ಹೇಳುತ್ತೇನೆ. ನಾನು ಪಾಠ ಹೇಳಿದ ಒಂದು ಶಾಲೆಯಲ್ಲಿ ಹೊಸದಾಗಿ ಮೂರು ಕೊಠಡಿ ಕಟ್ಟಿದರು. ಒಂದು ತುದಿ ಗರಸು ನೆಲದ ಮೇಲೆ, ಇನ್ನೊಂದು ತುದಿ ಮುಚ್ಚಿದ ಕುಂಟೆಯ ಮೇಲೆ. ಎರಡನೆಯ ವರ್ಷ ಒಂಬತ್ತನೆಯ ತರಗತಿಯ ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಒಂದು ಬಿರುಕು ಹೊರಟಿತು. ಗಾರೆ ಮೆತ್ತಿದರು, ಮತ್ತೆ ಬಿರಿಯಿತು. ನಮ್ಮ ವಿಜ್ಞಾನದ ಸಹೋದ್ಯೋಗಿಯೊಬ್ಬರು ಹುಡುಗರ ಕೈಯಲ್ಲಿ ಬಿರುಕಿಗೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿ ತಾರೀಕು ಬರೆಸಿದರು. ಗೌರಿ ಹಬ್ಬಕ್ಕೆ ಅಂಟಿಸಿದ ಪಟ್ಟಿ ದೀಪಾವಳಿಯ ಹೊತ್ತಿಗೆ ಹರಿದಿತ್ತು. ಇಡೀ ಕಟ್ಟಡ ಸಮನಾಗಿ ಇಳಿದರೆ ಅಷ್ಟು ಅಪಾಯವಿಲ್ಲ, ಒಂದು ತುದಿ ನಿಂತು ಇನ್ನೊಂದು ತುದಿ ಇಳಿದರೆ ಗೋಡೆ ಹರಿಯುತ್ತದೆ ಎಂದು ಅವರು ಅಂದು ಹೇಳಿದರು. ಹರಿದ ಪಟ್ಟಿಗಳನ್ನು ಲಗತ್ತಿಸಿ ಮೇಲಿನವರಿಗೆ ಬರೆದೆವು. ಉತ್ತರ ಬರುವವರೆಗೆ ನಾವು ಕಾಯಲಿಲ್ಲ. ಮಕ್ಕಳನ್ನು ಹೊಂಗೆ ಮರದ ಕೆಳಗೆ ಕೂರಿಸಿ ಪಾಠ ಮಾಡಿದೆವು. ಮುಂದಿನ ಮಳೆಗಾಲದಲ್ಲಿ ಆ ಮೂಲೆಯ ಗೋಡೆ ಒಂದು ಭಾನುವಾರ ಕುಸಿಯಿತು. ಒಳಗೆ ಯಾರೂ ಇರಲಿಲ್ಲ. ಅಂದಿನ ನಲವತ್ತು ಮಕ್ಕಳಲ್ಲಿ ಕೆಲವರು ಇದನ್ನು ಓದುತ್ತಿರಬಹುದು. ಆ ಸೋಮವಾರದ ಬೆಳಿಗ್ಗೆ ನಾವು ಯಾರೂ ಮಾತನಾಡದೆ ನಿಂತಿದ್ದು ಅವರಿಗೂ ನೆನಪಿರುತ್ತದೆ.

ಈಗ ನೀರುಗಂಟಿ ತಾತನ ಮಾತಿಗೆ ಬರುತ್ತೇನೆ. ಅಮೆರಿಕದ ಐಡಾಹೊ ರಾಜ್ಯದಲ್ಲಿ ಟೀಟನ್ ಎಂಬ ಮಣ್ಣಿನ ಅಣೆಕಟ್ಟು ಇತ್ತು. ಎತ್ತರ 93 ಮೀಟರು. ಆಧುನಿಕ ಯಂತ್ರಗಳಿಂದ ಕಟ್ಟಿದ್ದು. ಮೊದಲ ಬಾರಿಗೆ ನೀರು ತುಂಬುತ್ತಿದ್ದಾಗ, 1976ರ ಜೂನ್ 3ರಂದು ಕೆಳಬದಿಯಲ್ಲಿ ತಿಳಿನೀರಿನ ಒರತೆಗಳು ಕಂಡವು. ಜೂನ್ 5ರ ಬೆಳಿಗ್ಗೆ ಬಂದದ್ದು ಕದಡು ನೀರು. ತೂತು ಮುಚ್ಚಲು ಹೋದ ಎರಡು ಬುಲ್ಡೋಜರುಗಳು ಅದರಲ್ಲೇ ಮುಳುಗಿದವು. ಮಧ್ಯಾಹ್ನ ಹನ್ನೆರಡಕ್ಕೆ ಮೊದಲೇ ಕಟ್ಟೆ ಒಡೆದು ಹನ್ನೊಂದು ಜನ ಸತ್ತರು. ತಿಳಿನೀರು ಬಂದರೆ ನೀರು ಮಾತ್ರ ಬರುತ್ತಿದೆ ಎಂದರ್ಥ. ಕದಡು ನೀರು ಬಂದರೆ ಒಳಗಿನ ಮಣ್ಣೂ ತೊಳೆದು ಬರುತ್ತಿದೆ, ಏರಿಯ ಹೊಟ್ಟೆಯಲ್ಲಿ ಬಿಲ ಬೆಳೆಯುತ್ತಿದೆ ಎಂದರ್ಥ. ಓದು ಬರಹ ಬಾರದ ನಮ್ಮ ತಾತ ಲೋಟದಲ್ಲಿ ನೋಡುತ್ತಿದ್ದುದು ಇದನ್ನೇ. ಟೀಟನ್ನಿನಲ್ಲಿ ತಿಳಿನೀರು ಕಂಡ ಎರಡೇ ದಿನಕ್ಕೆ ಕದಡು ನೀರು ಬಂದಿತು ಎಂಬುದನ್ನೂ ಮರೆಯಬಾರದು. ಒಂದು ರಾತ್ರಿ ನೋಡಿದರೆ ಸಾಲದು, ಪ್ರತಿ ರಾತ್ರಿ ನೋಡಬೇಕು. ತಾತ ಮಳೆಗಾಲವೆಲ್ಲ ಅಲ್ಲಿ ಕೂರುತ್ತಿದ್ದರು.

ಕೊಳವೆ ಬಾವಿ ಬಂದ ಮೇಲೆ ತೂಬಿನ ನೀರು ಯಾರಿಗೂ ಬೇಡವಾಯಿತು, ನಮ್ಮೂರಿನಲ್ಲಿ ನೀರುಗಂಟಿಯ ಕೆಲಸವೂ ಹೋಯಿತು. ಏರಿಯ ಮೇಲೆ ಜಾಲಿ ಬೆಳೆದು ಬೇರುಗಳು ಒಳಗಿಳಿದವು, ಹೆಗ್ಗಣಗಳು ಬಿಲ ತೋಡಿದವು. ಮಾಗಡಿಯ ಕೆಂಪೇಗೌಡರ ವಂಶ ಬೆಂಗಳೂರಿನಲ್ಲಿ ಕೆರೆಗಳನ್ನು ಕಟ್ಟಿಸಿತೆಂದು ಪಾಠದಲ್ಲಿ ಹೇಳುತ್ತೇವೆ. ಧರ್ಮಾಂಬುಧಿ ಇಂದು ಬಸ್ ನಿಲ್ದಾಣ, ಸಂಪಂಗಿ ಕೆರೆ ಕ್ರೀಡಾಂಗಣ. ಆ ಗಾಳಿ ಈಗ ನಮ್ಮ ಕಡೆಗೂ ಬೀಸಿದೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರ, ಚನ್ನಪಟ್ಟಣಗಳ ಸುತ್ತ ಸುರಿದ ಮಳೆಗೆ ಕೆರೆಗಳು ಉಕ್ಕಿ, ಬೆಂಗಳೂರು-ಮೈಸೂರು ಹೆದ್ದಾರಿ ನೀರಿನಲ್ಲಿ ಮುಳುಗಿದ್ದನ್ನು ನೀವೆಲ್ಲ ನೋಡಿದ್ದೀರಿ. ಎತ್ತರಿಸಿ ಹಾಕಿದ ರಸ್ತೆಯ ಒಡ್ಡು ನಾವು ಬಯಸಲಿ ಬಿಡಲಿ ಒಂದು ಏರಿಯೇ ಆಗುತ್ತದೆ. ಏರಿ ಹಾಕುವವರು ತೂಬು, ಕೋಡಿಗಳ ಯೋಚನೆಯನ್ನೂ ಮಾಡಬೇಕೆಂದು ಹಿಂದಿನವರಿಗೆ ಗೊತ್ತಿತ್ತು.

ತಂಗಿಯ ಮಗನ ಸೈಟಿಗೆ ನಾನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕಳುಹಿಸಿದೆ. ಅಂದು ಕಿಟಕಿಯ ಪಕ್ಕ ಕಾಗದದ ಪಟ್ಟಿ ಅಂಟಿಸಿದ ಹುಡುಗರಲ್ಲಿ ಅವನೊಬ್ಬ, ಇಂದು ಸಿವಿಲ್ ಇಂಜಿನಿಯರು. ಎರಡು ಮೂಲೆಗಳಲ್ಲಿ ನೆಲ ಕೊರೆಸಿದ. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕೆಂದು ಎಣಿಸುವುದು ಪರೀಕ್ಷೆಯ ಕ್ರಮ. ರಸ್ತೆಯ ಬದಿಯಲ್ಲಿ ಐದು ಅಡಿಗೆ ಗರಸು ಸಿಕ್ಕಿ ಐವತ್ತು ಪೆಟ್ಟಿಗೂ ಕೊಳವೆ ಜಗ್ಗಲಿಲ್ಲ. ಹಿಂದಿನ ಮೂಲೆಯಲ್ಲಿ ಹನ್ನೊಂದು ಅಡಿಯಲ್ಲೂ ಮೂರೇ ಪೆಟ್ಟಿಗೆ ಇಳಿಯಿತು. ಮೇಲೆ ಬಂದ ಕಪ್ಪು ಗೋಡಿನಲ್ಲಿ ಬಸವನಹುಳುವಿನ ಚಿಪ್ಪುಗಳಿದ್ದವು. ಅವನು ಅವನ್ನು ತೊಳೆದು ನನ್ನ ಕೈಗೆ ಕೊಟ್ಟು, "ಮೇಷ್ಟ್ರೇ, ಇದು ಕೆರೆಯ ಬಾಲ" ಎಂದ.

ಆಳಕ್ಕೆ ಕಂಬಗಳನ್ನು ಇಳಿಸಿ ಕಟ್ಟಬಹುದು, ಖರ್ಚು ಹೆಚ್ಚು ಎಂದು ಲೆಕ್ಕ ಕೊಟ್ಟ. ಹುಡುಗನ ಹತ್ತಿರ ಅಷ್ಟು ಹಣವಿರಲಿಲ್ಲ. ಸೈಟು ಬಿಟ್ಟ. ಮುಂಗಡದಲ್ಲಿ ಅರ್ಧವೇ ಹಿಂದಿರುಗಿತು. ನನ್ನ ತಂಗಿ ಹದಿನೈದು ದಿನ ನನ್ನೊಡನೆ ಮಾತು ಬಿಟ್ಟಿದ್ದಳು, ಯುಗಾದಿಗೆ ಒಬ್ಬಟ್ಟು ಕಳುಹಿಸಿದಳು.

ಇದನ್ನು ಓದುತ್ತಿರುವ ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಮನೆ ಕಟ್ಟುವ ವಯಸ್ಸಿನವರು. ಪತ್ರಗಳನ್ನು ವಕೀಲರಿಗೆ ತೋರಿಸುವಂತೆಯೇ ನೆಲವನ್ನು ಬಲ್ಲವರಿಗೆ ತೋರಿಸಿ. ಆ ಊರಿನ ಹಿರಿಯರೊಬ್ಬರನ್ನು ಹುಡುಕಿ, ಇಲ್ಲಿ ಮೊದಲು ಏನಿತ್ತು ಎಂದು ಕೇಳಿ. ನಿಮ್ಮೂರಿನ ಕೆರೆ ಇನ್ನೂ ಉಳಿದಿದ್ದರೆ, ಈ ಮಳೆಗಾಲದಲ್ಲಿ ಒಮ್ಮೆ ಏರಿಯ ಹಿಂಬದಿಗೆ ಇಳಿದು ನೋಡಿ. ಒಸರುವ ನೀರು ತಿಳಿಯಾಗಿದೆಯೋ ಕದಡಿದೆಯೋ ನನಗೂ ತಿಳಿಸಿ.